ಮೂವತ್ತೊಂದನೆಯ ದಿನ

ಪ್ರತಿ ಶುಕ್ರವಾರ ಬೆಳಿಗ್ಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರಾದರೊಬ್ಬರು ಅದೇ ಪ್ರಶ್ನೆ ಎತ್ತುತ್ತಾರೆ. ಊರಿಗೆ ವಾಪಸ್ ಹೋಗಿ ನೆಲೆಸುತ್ತೀರಾ, ಇಲ್ಲವಾ? ಶುಕ್ರವಾರ ಗಲ್ಫಿನಲ್ಲಿ ರಜೆ. ಕೆಲಸವಿಲ್ಲದ ದಿನ ಎಲ್ಲರಿಗೂ ಊರು ನೆನಪಾಗುತ್ತದೆ. ಗುಂಪಿನಲ್ಲಿರುವವರು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಮಸ್ಕತ್ತು, ದುಬೈ, ಕುವೈತ್‌ಗೆ ಹೋದ ಡ್ರೈವರುಗಳು, ವೆಲ್ಡರುಗಳು, ಅಡುಗೆಯವರು, ಟೈಲರುಗಳು. ಹೊಸದುರ್ಗದವನೊಬ್ಬ ಬಸ್ ಸ್ಟ್ಯಾಂಡಿನ ಪಕ್ಕ ಹೋಟೆಲು ಇಡುತ್ತೇನೆ ಎನ್ನುತ್ತಾನೆ. ಹನ್ನೆರಡು ವರ್ಷದಿಂದ ಇಡುತ್ತಲೇ ಇದ್ದಾನೆ. ಇನ್ನೊಬ್ಬ ಕೋಟೆಯ ಫೋಟೋ ಹಾಕುತ್ತಾನೆ, ಅದರ ಕೆಳಗೆ ಕೆಂಪು ಹೃದಯಗಳು ಸಾಲಾಗಿ ಬೀಳುತ್ತವೆ. ಮಧ್ಯಾಹ್ನ ಬಿರಿಯಾನಿ ತಿಂದು ಎಲ್ಲರೂ ಮಲಗುತ್ತಾರೆ. ಶನಿವಾರ ಬೆಳಿಗ್ಗೆ ಡ್ಯೂಟಿ. ಊರು ಮುಂದಿನ ಶುಕ್ರವಾರದವರೆಗೆ ಎಲ್ಲಿತ್ತೋ ಅಲ್ಲೇ ಇರುತ್ತದೆ.

ಹೇಳಿದಂತೆ ವಾಪಸ್ ಬಂದವನು ನಾನೊಬ್ಬ. ಹಾಗಾಗಿ ಕೊನೆಗೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಬಂದು ನೋಡಿದವರು ನೀವು, ನೀವೇ ಹೇಳಿ ಎನ್ನುತ್ತಾರೆ. ನಾನು ಪ್ರತಿಸಲ ಬರೆಯುವುದು ಒಂದೇ ಮಾತು: ಊರು ಚೆನ್ನಾಗಿದೆ, ಬನ್ನಿ. ಅದನ್ನು ಯಾರೂ ನಂಬುವುದಿಲ್ಲ, ನಂಬಿದರೂ ಬರುವುದಿಲ್ಲ ಎಂಬ ಧೈರ್ಯ ನನಗಿತ್ತು. ಒಬ್ಬ ನಂಬಿದ. ಅವನನ್ನು ನಾನು ಬೇಕೆಂದೇ ನಂಬಿಸಿದೆ.

ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ಮುಸಲ್ಮಾನರು, ಮನೆಮಾತು ಮಾತ್ರ ಕನ್ನಡವೇ. ದುರ್ಗದಲ್ಲಿ ಮದುವೆ ಗೊತ್ತಾಯಿತೆಂದರೆ ಹೆಣ್ಣಿನ ಕಡೆಯವರು ಮೊದಲು ಬರುತ್ತಿದ್ದುದು ನಮ್ಮಪ್ಪನ ಅಂಗಡಿಗೆ. ಗಾದಿ ಹೊಲಿದ ಕೈಗೆ ಸೋಫಾ ಹೊಲಿಯುವುದು ಕಷ್ಟವಲ್ಲ. ಮೂವತ್ತರ ವಯಸ್ಸಿನ ಆಚೆ ಈಚೆ ನಾನು ಮಸ್ಕತ್ತಿನ ಒಂದು ಸೋಫಾ ಕಾರ್ಖಾನೆ ಸೇರಿದೆ, ಕೆಲವೇ ವರ್ಷದಲ್ಲಿ ಬಟ್ಟೆ ಕತ್ತರಿಸುವ ಮೇಜು ನನ್ನ ಕೈಗೆ ಬಂತು. ಆ ಮೇಜಿನ ಮುಂದೆ ನಿಲ್ಲುವವನನ್ನು ಎಲ್ಲರೂ ಮಾಸ್ಟರ್ ಎನ್ನುತ್ತಾರೆ. ಪಾಕಿಸ್ತಾನದವರು, ಬಂಗಾಳದವರು, ಕೇರಳದವರು, ಎಲ್ಲರೂ. ನನ್ನ ಜೀವನದಲ್ಲಿ ನನಗೆ ಸಿಕ್ಕ ಏಕೈಕ ಬಿರುದು ಅದು. ಅದರ ಮೇಲೆ ನನಗೆ ಎಷ್ಟು ಆಸೆಯಿತ್ತೆಂದು ಕಳೆದುಕೊಂಡ ಮೇಲೆ ಗೊತ್ತಾಯಿತು.

ನಾನು ನಂಬಿಸಿದ ಆ ಗೆಳೆಯ ಕಾರ್ಖಾನೆ ಸೇರಿದ್ದು ನನಗಿಂತ ತಡವಾಗಿ. ಹಿರಿಯೂರು ತಾಲ್ಲೂಕು ಯಲ್ಲದಕೆರೆಯವನು, ಕುರಿ ಕಾಯುವ ಮನೆಯವನು. ಕಾರ್ಖಾನೆಯ ವ್ಯಾನು ಓಡಿಸಲು ಬಂದವನು. ನಮ್ಮ ಜಿಲ್ಲೆಯವನೆಂದು ನನ್ನ ಕೋಣೆಗೇ ಹಾಕಿಸಿಕೊಂಡೆ. ಹತ್ತೊಂಬತ್ತು ವರ್ಷ ಅವನು ಮೇಲಿನ ಮಂಚದಲ್ಲಿ, ನಾನು ಕೆಳಗಿನ ಮಂಚದಲ್ಲಿ. ಡೆಲಿವರಿ ಇಲ್ಲದ ಹೊತ್ತಿನಲ್ಲಿ ನನ್ನ ಪಕ್ಕ ನಿಂತು ಬಟ್ಟೆ ಹಿಡಿಯುತ್ತಿದ್ದ. ಹಿಡಿಯುತ್ತಾ ಹಿಡಿಯುತ್ತಾ ಕತ್ತರಿಸುವುದನ್ನೂ ಕಲಿತ. ನಾನೇ ಕಲಿಸಿದೆ. ಅವನಿಗೆ ಓದು ಬರಹ ಅಷ್ಟಕ್ಕಷ್ಟೇ. ಮೊಬೈಲು ಬರುವ ಮೊದಲು ಅವನ ಹೆಂಡತಿಗೆ ಪತ್ರ ಬರೆಯುತ್ತಿದ್ದವನೂ ನಾನೇ. ಅವನು 'ಎಲ್ಲ ಕ್ಷೇಮ ಅಂತ ಬರಿ' ಎಂದರೆ ನಾನು ಒಂದು ಪುಟ ಬರೆಯುತ್ತಿದ್ದೆ. ಆ ಮನೆಯಲ್ಲಿ ನನ್ನ ಮಾತೆಂದರೆ ಅವನ ಮಾತು ಎಂದು ರೂಢಿಯಾಗಿದ್ದು ಹೀಗೆ.

ನಾನು ಊರಿಗೆ ಬಂದ ಕಾರಣವನ್ನು ಎಲ್ಲರಿಗೂ 'ಊರಿನ ಸೆಳೆತ' ಎಂದು ಹೇಳಿದ್ದೇನೆ. ಸೆಳೆತವೂ ಇಲ್ಲ, ಮಣ್ಣೂ ಇಲ್ಲ. ಒಂದು ದಿನ ಮಾಲೀಕ ಎಲ್ಲರೆದುರು ಮಖಮಲ್ ಬಟ್ಟೆ ಎತ್ತಿ ಹಿಡಿದು ಅಳತೆ ತಪ್ಪಿದೆ ಎಂದ. ತಪ್ಪಿತ್ತು. ನಾನು ಕತ್ತರಿಯನ್ನು ಮೇಜಿನ ಮೇಲೆ ಎಸೆದು, ವೀಸಾ ಕ್ಯಾನ್ಸಲ್ ಮಾಡಿ, ಊರಿಗೆ ಹೋಗುತ್ತೇನೆ ಎಂದೆ. ಅವನು ಹಿಂದೆ ಬಂದು ಸಮಾಧಾನ ಮಾಡುತ್ತಾನೆ ಎಂದುಕೊಂಡಿದ್ದೆ. ಅವನು ಸರಿ ಎಂದ. ಎರಡು ವಾರದಲ್ಲಿ ನಾನು ಚಿತ್ರದುರ್ಗದಲ್ಲಿದ್ದೆ.

ಬಂದು ನಾಲ್ಕು ದಿನಕ್ಕೆ ಗೆಳೆಯ ಒಂದು ಫೋಟೋ ಕಳಿಸಿದ. ನನ್ನ ಮೇಜಿನ ಮುಂದೆ, ನನ್ನ ಕತ್ತರಿ ಹಿಡಿದು ನಿಂತಿದ್ದಾನೆ. ಜೊತೆಗೆ ಅವನ ದನಿಯಲ್ಲಿ ಒಂದು ಸಂದೇಶ. 'ನೀನು ಕಲ್ಸಿದ್ದು ಕಣಪ್ಪ, ಇವತ್ತಿಂದ ನಂಗೇ ಕೊಟ್ರು.' ಅದು ಕೃತಜ್ಞತೆ ಎಂದು ಈಗ ಗೊತ್ತು. ಆಗಲೂ ಗೊತ್ತಿತ್ತು. ಆದರೂ ಆ ಫೋಟೋ ದೊಡ್ಡದು ಮಾಡಿ ಅವನ ಕೈಯಲ್ಲಿದ್ದ ಕತ್ತರಿ ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದೆ. ದಿನಕ್ಕೆ ಎಷ್ಟೋ ಸಲ ನೋಡುತ್ತಿದ್ದೆ.

ಪರದೇಶದಲ್ಲಿ ದುಡಿಯುವ ನಮ್ಮಂಥವರ ಮನೆಗಳಲ್ಲಿ ಒಂದು ಪದ್ಧತಿ ಇದೆ. ರಜೆಗೆ ಬಂದವನಿಗೆ ಕೆಟ್ಟ ಸುದ್ದಿ ಹೇಳಬಾರದು. ಮೂವತ್ತು ದಿನ ಮನೆಯಲ್ಲಿ ಜಗಳವಿಲ್ಲ, ಕಾಯಿಲೆಯಿಲ್ಲ, ಸೋರುವ ಸೂರಿಲ್ಲ. ದಿನಾ ಕೋಳಿ, ಇಲ್ಲವೆಂದರೆ ಮಟನ್. ಒಮ್ಮೆ ರಜೆಯಲ್ಲಿ ನಾನು ಚಿಕ್ಕಮ್ಮನನ್ನು ನೋಡಿಕೊಂಡು ಬರುತ್ತೇನೆಂದು ಹೊರಟರೆ, ದಾವಣಗೆರೆಗೆ ಹೋಗಿದ್ದಾರೆ ಅಂದರು. ವಾಪಸ್ ಹೋಗಿ ವಿಮಾನ ಇಳಿದು ಫೋನು ಹಚ್ಚಿದಾಗ ವಿಷಯ ಬಂತು. ಚಿಕ್ಕಮ್ಮ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ನಾನು ಸಿಟ್ಟಾಗಲಿಲ್ಲ, ರಜೆ ಹಾಳಾಗಲಿಲ್ಲವಲ್ಲ ಎಂದು ಒಳಗೊಳಗೆ ನೆಮ್ಮದಿಯೇ ಆಯಿತು. ಊರೆಂದರೆ ನಮಗೆಲ್ಲ ಗೊತ್ತಿರುವುದು ಆ ಮೂವತ್ತು ದಿನ ಮಾತ್ರ. ಅದನ್ನೇ ನಾವು ಊರು ಎಂದು ತಿಳಿದು ಶುಕ್ರವಾರ ಶುಕ್ರವಾರ ಅಳುತ್ತೇವೆ.

ನನ್ನ ಮೂವತ್ತೊಂದನೆಯ ದಿನ ಹೆಂಡತಿ ರಾತ್ರಿ ಉಳಿದ ಅನ್ನಕ್ಕೆ ಒಗ್ಗರಣೆ ಹಾಕಿ ಮುಂದಿಟ್ಟು, ಇವತ್ತು ಎಲ್ಲಿಗಾದರೂ ಹೋಗುತ್ತೀರಾ ಎಂದು ಕೇಳಿದಳು. ಅವಳು ಮನೆಯಲ್ಲಿ ರವಿಕೆ ಹೊಲಿಯುತ್ತಾಳೆ. ಇಡೀ ಬೀದಿಯ ಹೆಂಗಸರು ಅವಳ ಗಿರಾಕಿಗಳು. ಗಂಡಸು ಮನೆಯಲ್ಲಿ ಕೂತಿದ್ದರೆ ಹೆಣ್ಣುಮಕ್ಕಳು ಅಳತೆ ಕೊಡಲು ಒಳಗೆ ಬರುವುದಿಲ್ಲ ಎಂದು ಬಹಳ ಮೆತ್ತಗೆ ವಿವರಿಸಿದಳು. ಮುಂದಿನ ಪಡಸಾಲೆಯಲ್ಲಿ ಕೂತಿರೋಣವೆಂದರೆ ಪಡಸಾಲೆಯೇ ಇರಲಿಲ್ಲ. ರಸ್ತೆ ಅಗಲ ಮಾಡುವಾಗ ಗೋಡೆಗೆ ಕೆಂಪು ಗೆರೆ ಎಳೆದು, ಗೆರೆಯಿಂದ ರಸ್ತೆಯ ಕಡೆಗಿದ್ದುದನ್ನೆಲ್ಲ ಕೆಡವಿ ಹೋಗಿದ್ದರು. ಬಂದಿಳಿದ ದಿನ ಕಣ್ಣಿಗೆ ಬೀಳುವವರೆಗೆ ಆ ಸುದ್ದಿಯನ್ನೂ ನನಗೆ ಮುಚ್ಚಿಟ್ಟಿದ್ದರು. ನಾನು ರಜೆಗೆ ಬಾರದ ಕೊನೆಯ ಎರಡು ವರ್ಷ ವಿಡಿಯೋ ಕಾಲಿನಲ್ಲಿ ನನಗೆ ಅಡುಗೆಮನೆ ಮಾತ್ರ ತೋರಿಸಿದ್ದರು. ನಾನು ಕೂತು ಚಹಾ ಕುಡಿಯಬೇಕೆಂದು ಆಸೆಪಟ್ಟ ಜಾಗದಲ್ಲಿ ಈಗ ಆಟೋಗಳು ನಿಲ್ಲುತ್ತವೆ.

ಬೆಳಗಿಂದ ಸಂಜೆವರೆಗೆ ಮನೆಯಿಂದ ಹೊರಗಿರಬೇಕಲ್ಲ, ಅದಕ್ಕೆಂದೇ ಹೊಳಲ್ಕೆರೆ ರಸ್ತೆಯಲ್ಲಿ ಒಂದು ಅಂಗಡಿ ಹಿಡಿದೆ. ಗಾದಿ ಹೊಲಿಯುತ್ತೇನೆ ಎಂದು ಬೋರ್ಡು ಬರೆಸಿದೆ. ಈಗ ಗಾದಿ ಡಬ್ಬಿಯಲ್ಲಿ ಸುರುಳಿ ಸುತ್ತಿಕೊಂಡು ಮನೆಬಾಗಿಲಿಗೆ ಬರುತ್ತದೆ, ಕತ್ತರಿಸಿ ಬಿಚ್ಚಿದರೆ ತಾನೇ ಉಬ್ಬಿಕೊಳ್ಳುತ್ತದೆ. ಹತ್ತಿಯ ಗಾದಿ ಕೇಳಿಕೊಂಡು ಬಂದವರು ಮೂರು ಜನ. ಅದರಲ್ಲಿ ಇಬ್ಬರು ಹಳೆಯದನ್ನು ಮಾರಲು ಬಂದವರು. ನನಗೆ ಉಳಿದ ಕೆಲಸ ಆಟೋ ಸೀಟು ಹೊಲಿಯುವುದು. ಆಟೋದವರು ನನ್ನನ್ನು 'ಮಸ್ಕತ್ ಸಾಬ್ರು' ಎಂದು ಕರೆಯುತ್ತಾರೆ. ಅದರಲ್ಲಿ ಮರ್ಯಾದೆ ಎಷ್ಟು, ನಗು ಎಷ್ಟು ಎಂದು ಅವರ ಮುಖ ನೋಡಿದರೇ ತಿಳಿಯುತ್ತದೆ.

ಗೆಳೆಯ ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಮಾಡುತ್ತಿದ್ದ. ಅವನಿಗೂ ಬರುವ ಆಸೆ ಹುಟ್ಟಿತ್ತು. ನಾನಿಲ್ಲದ ಕೋಣೆಯಲ್ಲಿ ಮನಸ್ಸು ನಿಲ್ಲುವುದಿಲ್ಲ ಎನ್ನುತ್ತಿದ್ದ. ಆದರೆ ಅವನಿಗೆ ಐವತ್ತೈದು ದಾಟಿತ್ತು. ಒಂದು ಸಲ ವೀಸಾ ಕ್ಯಾನ್ಸಲ್ ಮಾಡಿಸಿ ಬಂದರೆ ಆ ವಯಸ್ಸಿನವನನ್ನು ಮತ್ತೆ ಯಾರೂ ಕರೆಸಿಕೊಳ್ಳುವುದಿಲ್ಲ. ಇದು ಅವನಿಗೂ ಗೊತ್ತು, ನನಗೂ ಗೊತ್ತು. ಬಂದರೆ ಬಂದ ಹಾಗೆ. ಅದಕ್ಕೆ ಅವನು ಹೆಂಡತಿಯ ಮನಸ್ಸು ತಿಳಿಯಬೇಕೆಂದ. ಫೋನಿನಲ್ಲಿ ಅವರಿಬ್ಬರ ಮಾತು ಉಂಡ್ಯಾ, ಉಂಡೆ ಎಂಬಲ್ಲಿಗೆ ಮುಗಿಯುತ್ತದೆ. ಇಂಥ ವಿಷಯ ಅವಳು ಫೋನಿನಲ್ಲಿ ಬಾಯಿಬಿಡುವುದಿಲ್ಲ, ಪತ್ರ ಬರೆದವನು ನೀನು, ನೀನೇ ಹೋಗಿ ಕೇಳಿಕೊಂಡು ಬಾ ಎಂದ. ನೀನು ಏನು ಹೇಳುತ್ತೀಯೋ ಹಾಗೆ ಮಾಡುತ್ತೇನೆ ಎಂದೂ ಹೇಳಿದ.

ಹೋದೆ. ಯಲ್ಲದಕೆರೆಯಲ್ಲಿ ಅವನ ಮನೆ ಹುಡುಕಲು ಕಷ್ಟವಾಗಲಿಲ್ಲ. ಅವನ ಹೆಂಡತಿ ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ಕುರಿಹಟ್ಟಿಯ ಕಸ ಬಳಿಯುತ್ತಿದ್ದಳು. ಆ ಅಂಗಿ ನನಗೆ ಗುರುತು ಸಿಕ್ಕಿತು, ನಾವಿಬ್ಬರೂ ಮಸ್ಕತ್ತಿನಲ್ಲಿ ಒಂದೇ ದಿನ ಕೊಂಡ ಅಂಗಿಗಳಲ್ಲಿ ಅವನದು. 'ಬರ್ರಿ ಅಣ್ಣ, ಕುಂತ್ಕಳ್ರಿ' ಎಂದು ಕಂಬಳಿ ಹಾಸಿದಳು. ಮುದ್ದೆ ಇಟ್ಟು, ಸೊಪ್ಪಿನ ಸಾರು ಹಾಕಿ, ನಾನು ಉಂಡು ಮುಗಿಸುವವರೆಗೆ ಎದುರಿಗೆ ಕೂತಿದ್ದಳು. ಅವಳ ತಮ್ಮ ಕುರಿ ಹೊಡೆದುಕೊಂಡು ಹೋಗಿದ್ದ. ಮಗಳು ಮದುವೆಯಾಗಿ ಹೊಸದುರ್ಗದಲ್ಲಿದ್ದಾಳೆ. ಮನೆ, ಹಟ್ಟಿ, ಮಂದೆ, ಎಲ್ಲ ಅವಳ ಕಣ್ಣಳತೆಯಲ್ಲಿ ನಡೆಯುತ್ತದೆ ಎಂದು ಕೂತಲ್ಲೇ ತಿಳಿಯುತ್ತಿತ್ತು. ನಾನು ಬಂದ ಕೆಲಸ ಹೇಳಿದೆ. ಅವಳು ಯೋಚಿಸಲಿಲ್ಲ. ಯಾರಾದರೂ ಬಂದು ಕೇಳಲಿ ಎಂದು ವರ್ಷಗಟ್ಟಲೆ ಕಾದವಳಂತೆ ಹೇಳಿದಳು.

'ನಾನು ಹೇಳ್ತೀನಿ, ನೀವು ಹಂಗೇ ಹೇಳ್ರಿ ಅಣ್ಣ. ಬರೋದು ಬ್ಯಾಡ. ಅವ್ರು ಕೆಟ್ಟೋರಲ್ಲ. ವರ್ಷಕ್ಕೊಂದು ತಿಂಗ್ಳು ಬಂದ್ರೆ ನಂಗೂ ಹಬ್ಬ ಆಗ್ತೈತೆ. ಆದ್ರೆ ದಿನಾ ಎದ್ದು ಮಕ ನೋಡೋವಷ್ಟು ನಂಗೆ ಅವ್ರ ಗುರ್ತಿಲ್ಲ.'

ನಾನು ಕೈ ತೊಳೆದೆ. ಗಂಡ ಹೆಂಡತಿ ಅಲ್ಲವಾ, ನಾಲ್ಕು ದಿನ ಹೋದರೆ ಎಲ್ಲ ಸರಿಹೋಗುತ್ತದೆ ಎಂದೇನೋ ಅಂದೆ. ಅವಳು ನನ್ನ ಮುಖ ನೋಡಿ, ನಿಮ್ಮ ಮನೆಯಲ್ಲಿ ಸರಿಹೋಯಿತಾ ಎಂದು ಕೇಳಿದಳು. ಚುಚ್ಚಬೇಕೆಂದು ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ಅವನ ಫೋನು ಬಂತು. ನಿಜ ಹೇಳುವುದೆಂದೇ ಎತ್ತಿದೆ. ಇದನ್ನು ನನ್ನ ಪರವಾಗಿ ಬರೆದುಕೊಳ್ಳುತ್ತಿಲ್ಲ, ಇದ್ದದ್ದು ಹಾಗೆ. ಅವನ ಹಿಂದೆ ಹೊಲಿಗೆ ಮೆಷಿನ್ನುಗಳ ಸದ್ದು ಕೇಳುತ್ತಿತ್ತು. ಅವನು ಹಲೋ ಎನ್ನುವಷ್ಟರಲ್ಲಿ ಅಲ್ಲಿ ಯಾರೋ 'ಮಾಸ್ಟರ್' ಎಂದು ಕೂಗಿದರು. ಅವನು ಫೋನನ್ನು ಪಕ್ಕಕ್ಕೆ ಹಿಡಿದು, ಬಂದೆ ನಿಲ್ಲು ಎಂದು ಹಿಂದಿಯಲ್ಲಿ ಗದರಿದ. ನನ್ನದೇ ಗದರಿಕೆ ಅದು, ನನ್ನ ಹತ್ತಿರ ಕಲಿತದ್ದು. ನಾನು ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಸಿಪ್ಪೆಯ ನಡುವೆ ನಿಂತಿದ್ದೆ. ಮರುದಿನ ಬೆಳಿಗ್ಗೆ ಹೊಲಿಯಬೇಕಾದ ಎರಡು ಆಟೋ ಸೀಟುಗಳು ಅಂಗಡಿಯಲ್ಲಿ ನನಗಾಗಿ ಕಾದಿದ್ದವು. ಆ ಮೇಜಿನ ಮುಂದೆ ಅವನು ಇನ್ನೊಂದು ದಿನವೂ ನಿಲ್ಲಕೂಡದು ಎನ್ನಿಸಿತು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ.

'ಕಾಯ್ತಾ ಅವಳೆ ಕಣಪ್ಪ. ಬಂದ್ಬಿಡ್ಲಿ ಅಂದ್ಲು' ಎಂದೆ.

'ಅವಳೇ ಅಂದ್ಲಾ?'

'ಅವಳೇ ಅಂದ್ಲು.'

ಅವನು ಇನ್ನೂ ಅನುಮಾನಿಸುತ್ತಿದ್ದ. ಅವಳು ಹಾಗೆಲ್ಲ ಅನ್ನುವವಳಲ್ಲವಲ್ಲ ಎಂದ. ಆಗ ನಾನು ಅಂಗಿಯ ವಿಷಯ ಹೇಳಿದೆ. ನಿನ್ನ ಅಂಗಿಯನ್ನೇ ತೊಟ್ಟುಕೊಂಡು ಓಡಾಡುತ್ತಾಳೆ, ನಾನೇ ನೋಡಿದೆ ಎಂದೆ. ಅದೊಂದು ಮಾತ್ರ ನಿಜವಾಗಿತ್ತು. ಯಾವ ಅಂಗಿ ಎಂದು ಕೇಳಿದ, ಇಬ್ಬರೂ ಒಂದೇ ದಿನ ಕೊಂಡದ್ದು ಎಂದೆ. ಕೆಲಸ ಆಯಿತೆಂದು ನನಗೆ ಗೊತ್ತಾಯಿತು.

ಆಮೇಲಿನ ಒಂದೂವರೆ ತಿಂಗಳಲ್ಲಿ ಅವನು ಎರಡು ಸಲ ಮತ್ತೆ ಕೇಳಿದ. ಎರಡು ಸಲವೂ ನಾನು ಅದನ್ನೇ ಹೇಳಿದೆ. ಮೇಲಿಂದ ಫೋಟೋಗಳನ್ನೂ ಕಳಿಸಿದೆ. ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದದ್ದು, ಮಳೆ ಬಿದ್ದ ಮೇಲಿನ ಕೋಟೆ, ಬೆಣ್ಣೆದೋಸೆ. ನಮ್ಮ ಮನೆಯ ಮುರುಕು ಮುಂಭಾಗದ ಫೋಟೋ ಕಳಿಸಲಿಲ್ಲ. ಹೆಂಡತಿಗೆ ಪೂರ್ತಿ ಬರುತ್ತಿದ್ದೇನೆಂದು ಹೇಳಿದೆಯಾ ಎಂದು ಕೇಳಿದೆ. ಅವಳೇ ಕರೆದಿರುವಾಗ ಮತ್ತೆ ಹೇಳುವುದೇನು, ನನಗೆ ನಾಚಿಕೆ ಎಂದ. ಆ ನಾಚಿಕೆಯನ್ನು ಬಿಡಿಸುವ ಕೆಲಸ ನಾನು ಮಾಡಲಿಲ್ಲ.

ಬೆಂಗಳೂರಿನಿಂದ ಬಸ್ಸಿನಲ್ಲಿ ಬರುವವನು ಹಿರಿಯೂರಿನಲ್ಲೇ ಇಳಿಯಬಹುದಿತ್ತು. ನನ್ನನ್ನು ನೋಡಿಕೊಂಡೇ ಹೋಗಬೇಕೆಂದು ದುರ್ಗದವರೆಗೂ ಬಂದ. ಹುಲಿಯ ಚಿತ್ರದ ದಪ್ಪ ರಗ್ಗು, ಎರಡು ಸೂಟ್‌ಕೇಸು, ಹೊಸ ಚಪ್ಪಲಿ. ಬಸ್ ಸ್ಟ್ಯಾಂಡಿನಲ್ಲೇ ಸೂಟ್‌ಕೇಸು ಬಿಚ್ಚಿ, ಪಂಚೆಯಲ್ಲಿ ಸುತ್ತಿದ್ದ ನನ್ನ ಕತ್ತರಿಯನ್ನು ಹೊರಗೆ ತೆಗೆದ. ಇದು ಬೇರೆಯವರ ಕೈಗೆ ಹೋಗಬಾರದೆಂದು ಮಾಲೀಕನನ್ನು ಕೇಳಿ ತಂದಿದ್ದೇನೆ ಎಂದ. ನಾನು ಇಸಿದುಕೊಂಡೆ. ನಿನ್ನ ಜಾಗಕ್ಕೆ ಯಾರು ಬಂದರು ಎಂದು ಮೊದಲು ಕೇಳಿದೆ. ಕೇರಳದವನೊಬ್ಬ ಬಂದಿದ್ದಾನೆ, ಕೈ ಅಷ್ಟು ಸರಿಯಿಲ್ಲ ಎಂದ. ನನಗೆ ಅಷ್ಟು ಸಾಕಾಗಿತ್ತು. ಆ ದಿನ ನಾನು ತುಂಬಾ ಸಂತೋಷವಾಗಿದ್ದೆ. ಅವನಿಗೆ ಚಹಾ ಕೊಡಿಸಿ, ಕೈಯಾರೆ ಸಾಮಾನು ಎತ್ತಿ ಬಸ್ಸಿಗೆ ಹತ್ತಿಸಿದೆ.

ದಿನಾ ಫೋನು ಮಾಡುತ್ತಿದ್ದ. ಇವತ್ತು ನಾಟಿಕೋಳಿ, ಇವತ್ತು ತಲೆಮಾಂಸ, ಇವತ್ತು ಮಗಳು ಅಳಿಯ ಬಂದಿದ್ದಾರೆ, ಹೋಳಿಗೆ. ಅವಳು ದಿನಾ ಎಣ್ಣೆ ಕಾಯಿಸಿ ಬೆನ್ನಿಗೆ ಹಚ್ಚುತ್ತಾಳೆ, ಮೊದಲೇ ಬರಬೇಕಿತ್ತು ಕಣಪ್ಪ ಎಂದ. ಅವಳ ಲೆಕ್ಕದಲ್ಲಿ ಅವನು ರಜೆಗೆ ಬಂದವನು. ಮಸ್ಕತ್ತಿನ ಅಣ್ಣ ನನ್ನ ಮಾತು ಮುಟ್ಟಿಸಿರುತ್ತಾರೆ, ಸಾಮಾನು ಹೆಚ್ಚು ತಂದರೂ ವಾಪಸ್ ಹೋಗುತ್ತಾರೆ ಎಂದು ಅವಳು ನಂಬಿದ್ದಳು. ಅವಳೇ ಕರೆದಳು, ಅದಕ್ಕೇ ಇಷ್ಟು ಉಪಚಾರ ಎಂದು ಅವನು ನಂಬಿದ್ದ. ಇಬ್ಬರೂ ನನ್ನನ್ನು ನಂಬಿ ಒಬ್ಬರಿಗೊಬ್ಬರು ಬಾಯಿಬಿಡಲಿಲ್ಲ. ನಾನು ಅಂಗಡಿಯಲ್ಲಿ ಆಟೋ ಸೀಟಿನ ರೆಕ್ಸಿನ್ ಎಳೆದು ಮೊಳೆ ಹೊಡೆಯುತ್ತಾ ದಿನ ಎಣಿಸುತ್ತಿದ್ದೆ. ಇಪ್ಪತ್ತೆರಡು, ಇಪ್ಪತ್ಮೂರು. ಯಾವತ್ತಾದರೂ ಒಂದು ದಿನ ಬಸ್ಸು ಹತ್ತಿ ಹೋಗಿ ಹೇಳಿಬಿಡಬಹುದಿತ್ತು. ಹೋಗಲಿಲ್ಲ. ನಿಜವಾಗಿ ಹೇಳಬೇಕೆಂದರೆ, ಅವನ ಮೂವತ್ತೊಂದನೆಯ ದಿನ ಹೇಗಿರುತ್ತದೆ ಎಂದು ನೋಡುವ ಚಪಲ ನನಗಿತ್ತು. ಅದು ನನ್ನೊಬ್ಬನದೇ ಹಣೆಬರಹವಾಗಿ ಉಳಿಯಬಾರದಿತ್ತು.

ಆ ಮೂವತ್ತೊಂದನೆಯ ದಿನ ಫೋನು ಬರಲಿಲ್ಲ. ಮರುದಿನ ಬೆಳಿಗ್ಗೆ ಅವನೇ ಅಂಗಡಿಗೆ ಬಂದ. ಗಿರಾಕಿಯೊಬ್ಬ ಬಿಟ್ಟುಹೋಗಿದ್ದ ಆಟೋ ಸೀಟು ನೆಲದ ಮೇಲಿತ್ತು, ಅದರ ಮೇಲೆ ಕೂತ. ಮುಖ ಕ್ಷೌರ ಮಾಡಿಸಿರಲಿಲ್ಲ. ಚಹಾ ತರಿಸಲಾ ಎಂದೆ, ಬೇಡವೆಂದ. ನಿಧಾನವಾಗಿ ಹೇಳಿದ. ಹಿಂದಿನ ದಿನ ಬೆಳಿಗ್ಗೆ ಅವಳು ತಂಗಳನ್ನ ಮಜ್ಜಿಗೆ ಇಟ್ಟು, ತಮ್ಮನ ಎದುರಿಗೇ, ಟಿಕೆಟ್ಟು ಯಾವತ್ತಿಗೆ ಎಂದು ಕೇಳಿದಳಂತೆ. ಅವನು ತಮಾಷೆ ಎಂದುಕೊಂಡು ನಕ್ಕನಂತೆ. ಅವಳೂ ನಕ್ಕಳಂತೆ. ಆಮೇಲೆ ಅವಳು ನಗು ನಿಲ್ಲಿಸಿ ಮತ್ತೆ ಕೇಳಿದಳಂತೆ. ಇಷ್ಟು ಹೇಳಿ ಅವನು ನನ್ನನ್ನು ನೋಡಿದ.

'ಅವತ್ತು ಅವಳು ನಿಂಗೇನು ಹೇಳಿದ್ಲು?'

ಅವನಿಗೆ ಎಲ್ಲ ಗೊತ್ತಾಗಿದೆ ಎಂದು ನನಗೆ ಗೊತ್ತು. ಅವಳು ಎಲ್ಲ ಹೇಳಿಯೇ ಇರುತ್ತಾಳೆ. ಆದರೂ ನನ್ನ ಬಾಯಿಂದ ಬಂದದ್ದು, ಬಂದ್ಬಿಡ್ಲಿ ಅಂದ್ಲು ಅಂತಲೇ. ಹೆಂಗಸರ ಮನಸ್ಸು, ಆಮೇಲೆ ಬದಲಾಗಿರಬೇಕು ಎಂದು ಸೇರಿಸಿದೆ. ಅವಳ ಮೇಲೆ ಹಾಕಿ ತಪ್ಪಿಸಿಕೊಳ್ಳಲು ನೋಡಿದೆ.

ಅವನು ಸಿಟ್ಟಾಗಲಿಲ್ಲ. ಸೀಟಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತಾ ಹೇಳಿದ.

'ಬ್ಯಾಡ ಅಂದಿದ್ರೆ ಅಲ್ಲೇ ಇರ್ತಿದ್ದೆ ಕಣಲೇ. ಬ್ಯಾಡ ಅನ್ನಿಸ್ಕಳ್ಳೋದು ನಂಗೇನೂ ಹೊಸದಲ್ಲ. ಒಂದು ತಿಂಗ್ಳು ಅವಳ ಮುಂದೆ ಮದುಮಗನಂಗೆ ಕುಂತಿದ್ನಲ್ಲ, ಅದುನ್ನ ನೆನೆಸ್ಕಂಡ್ರೆ ಮೈಯೆಲ್ಲ ಉರೀತೈತೆ.'

ಎದ್ದು ಹೋದ. ನಾನು ಬಾಗಿಲವರೆಗೂ ಹೋಗಲಿಲ್ಲ. ಆ ಸೀಟನ್ನು ಸಂಜೆಯೊಳಗೆ ಕೊಡಬೇಕಿತ್ತು, ಅವನು ತಂದುಕೊಟ್ಟ ಕತ್ತರಿಯಲ್ಲೇ ರೆಕ್ಸಿನ್ ಕತ್ತರಿಸಿ ಮುಗಿಸಿದೆ.

ಆ ಶುಕ್ರವಾರ ಗುಂಪಿನಲ್ಲಿ ಎಲ್ಲರೂ ಅವನ ಬಗ್ಗೆ ವಿಚಾರಿಸಿದರು. ಹೇಗಿದ್ದಾನೆ, ಹೊಂದಿಕೊಂಡನಾ ಎಂದರು. ಅವನು ಗುಂಪಿನಿಂದ ಹೊರಗೆ ಹೋಗಿದ್ದ. ಕುರಿ ಕಾಯುತ್ತಾ ರಾಜನಂತೆ ಇದ್ದಾನೆ ಎಂದು ನಾನು ಬರೆದೆ. ಹೃದಯಗಳು ಬಿದ್ದವು.

ಮುಂದಿನದು ಗೊತ್ತಾದದ್ದು ಅವನ ಭಾಮೈದನಿಂದ. ಕುರಿ ಸಂತೆಗೆ ಹೋಗುವ ಲಗೇಜ್ ಆಟೋದ ಸೀಟು ಹೊಲಿಸಲು ಅವನು ನನ್ನ ಅಂಗಡಿಗೇ ಬಂದಿದ್ದ. ಅಕ್ಕ ಭಾವನನ್ನು ಹೊರಗೆ ಹಾಕಲಿಲ್ಲ ಎಂದ. ಹೊತ್ತು ಹೊತ್ತಿಗೆ ಅನ್ನ ಇಟ್ಟಳು, ಹಾಸಿಗೆ ಹಾಸಿದಳು, ಮಾತು ಮಾತ್ರ ಆಡಲಿಲ್ಲ. ಭಾವ ಕುರಿ ಹೊಡೆದುಕೊಂಡು ಹೋದರೆ ಕುರಿಗಳು ಅವನ ದನಿಗೆ ತಲೆ ಎತ್ತಲಿಲ್ಲ. ಇಪ್ಪತ್ತು ವರ್ಷದಲ್ಲಿ ಆ ಮಂದೆಯ ಎಷ್ಟೋ ತಲೆಮಾರು ಹುಟ್ಟಿ ಸತ್ತಿದ್ದವು, ಅವೆಲ್ಲಕ್ಕೂ ಅಕ್ಕನ ದನಿ ಮಾತ್ರ ಗೊತ್ತು. ಭಾವ ಕೂಗಿದರೆ ಬೆದರಿ ಚೆಲ್ಲಾಪಿಲ್ಲಿಯಾಗುತ್ತಿದ್ದವು. ಮೂರು ತಿಂಗಳು ಹಾಗೆ ಕಳೆದು, ಕೊನೆಗೆ ಅವನು ಹಿರಿಯೂರಿನಾಚೆ ಹೊಸದಾಗಿ ಹಾಕಿದ ಸೋಲಾರ್ ತಗಡುಗಳ ಮೈದಾನಕ್ಕೆ ವಾಚ್‌ಮನ್ ಆಗಿ ಸೇರಿದ. ಮೊದಲು ಅದೇ ಜಾಗದಲ್ಲಿ ಅವರ ಮಂದೆ ಮೇಯುತ್ತಿತ್ತು. ಈಗ ಸುತ್ತ ತಂತಿಬೇಲಿ ಇದೆ. ಕುರಿ ಒಳಗೆ ನುಗ್ಗದಂತೆ ನೋಡಿಕೊಳ್ಳುವುದೇ ಭಾವನ ಕೆಲಸ ಎಂದು ಭಾಮೈದ ನಗುತ್ತಾ ಹೇಳಿದ. ತಿಂಗಳಿಗೆ ಎರಡು ದಿನ ರಜೆ ಸಿಗುತ್ತದೆ, ಆ ಎರಡು ದಿನ ಮನೆಗೆ ಬರುತ್ತಾನೆ, ಅಕ್ಕ ಕೋಳಿ ಮಾಡುತ್ತಾಳೆ, ಚೆನ್ನಾಗೇ ಮಾತಾಡುತ್ತಾಳೆ ಎಂದ. ನಾನು ಅವನ ಸೀಟಿಗೆ ಒಳ್ಳೆಯ ಫೋಮ್ ಹಾಕಿ ಕಳಿಸಿದೆ.

ಆ ವಾರವೇ ಹೊರಟೆ. ಯಾಕೆ ಹೋದೆ ಎಂದು ಈಗಲೂ ನಿಖರವಾಗಿ ಹೇಳಲಾರೆ. ಕ್ಷಮೆ ಕೇಳಲು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ನನಗೆ ಮಾತಾಡಲು ಊರಲ್ಲಿ ಯಾರೂ ಇರಲಿಲ್ಲ ಎಂಬುದು ಹೆಚ್ಚು ನಿಜ. ಮಸ್ಕತ್ತಿನ ನೀರು, ಅಲ್ಲಿನ ಬಿಸಿಲು, ನಮ್ಮ ಕೋಣೆಯ ತಿಗಣೆ, ಇದನ್ನೆಲ್ಲ ಹೆಂಡತಿಗೆ ಹೇಳಿದರೆ ಅವಳು ಬಾಯಲ್ಲಿ ದಾರ ಕಚ್ಚಿಕೊಂಡು ಹೂಂ ಎನ್ನುತ್ತಾಳೆ. ಆ ಮಾತು ಅರ್ಥವಾಗುವವನು ಇಡೀ ಜಿಲ್ಲೆಯಲ್ಲಿ ಒಬ್ಬನೇ. ಅವನನ್ನು ನಾನೇ ಕರೆಸಿಕೊಂಡಿದ್ದೆ, ಆದರೂ ಅವನು ನನಗೆ ದಕ್ಕಿರಲಿಲ್ಲ.

ಮಧ್ಯಾಹ್ನದ ಹೊತ್ತು. ಕಣ್ಣು ಹಾಯುವವರೆಗೆ ತಗಡುಗಳು ಬಿಸಿಲಿಗೆ ಮುಖ ಮಾಡಿ ಮಲಗಿದ್ದವು. ಗೇಟಿನ ಪಕ್ಕ ತಗಡಿನದೇ ಒಂದು ಕೋಣೆ, ಅದರ ಮುಂದೆ ಅವನು ನೀಲಿ ಅಂಗಿ ತೊಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಬಾಗಿಲು ತೆರೆದಿತ್ತು. ಒಳಗೆ ಎರಡು ಹಲಗೆಯ ಮಂಚ, ಒಂದು ಮೇಲೆ, ಒಂದು ಕೆಳಗೆ. ಅವನ ರಗ್ಗು ಮೇಲಿನದರಲ್ಲಿ ಇತ್ತು. ನನ್ನನ್ನು ನೋಡಿ ಎದ್ದು ಬಂದು ಗೇಟಿನ ಆಚೆ ನಿಂತ. ಒಳಗೆ ಯಾರನ್ನೂ ಬಿಡುವಂತಿಲ್ಲ ಎಂದ. ನಾನು ಈಚೆ ನಿಂತೆ. ತಂದಿದ್ದ ಬುತ್ತಿಯನ್ನು ಕಂಬಿಯ ಸಂದಿನಲ್ಲಿ ತೂರಿಸಲು ನೋಡಿದೆ, ತೂರಲಿಲ್ಲ. ಮತ್ತೆ ಚೀಲಕ್ಕೆ ಹಾಕಿಕೊಂಡೆ. ಅವನು ಸೊರಗಿದ್ದ, ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು.

ಮಾತು ಅವನೇ ಶುರುಮಾಡಿದ. ಇಲ್ಲಿ ಒಬ್ಬನೇ ಕೂತು ಯೋಚನೆ ಮಾಡಿದ್ದೇನೆ ಎಂದ. ಮೊದಲು ನಿನ್ನನ್ನು ಕೊಂದುಬಿಡುವಷ್ಟು ಸಿಟ್ಟಿತ್ತು. ಇಲ್ಲಿಗೆ ಬಂದ ಮೇಲೆ, ದಿನಾ ಮಾತಿಗೆ ಜನವಿಲ್ಲದೆ ಕೂತ ಮೇಲೆ, ನೀನು ಯಾಕೆ ಹಾಗೆ ಮಾಡಿದೆ ಎಂದು ಅರ್ಥವಾಯಿತು ಎಂದ. ಆ ಫೋಟೋ, ಮೇಜು, ಎಲ್ಲ ಅವನಿಗೆ ಹೊಳೆದುಬಿಟ್ಟಿದೆ ಎಂದುಕೊಂಡೆ. ಹೊಳೆದಿದ್ದರೆ ಒಳ್ಳೆಯದೇ, ಅವನೇ ಬೈಯಲಿ, ಮುಗಿದುಹೋಗಲಿ ಎಂದು ತಲೆ ತಗ್ಗಿಸಿದೆ.

'ನಾನಿಲ್ದೆ ನಿಂಗೆ ಇಲ್ಲಿ ಇರೋಕಾಗ್ಲಿಲ್ಲ. ಅದುಕ್ಕೇ ಸುಳ್ಳು ಹೇಳಿ ಕರ್ಸ್ಕಂಡೆ. ಹೌದೋ ಅಲ್ವೋ?'

ತಲೆ ಎತ್ತಿ ನೋಡಿದೆ. ಅವನ ಕಣ್ಣಲ್ಲಿ ನೀರಿತ್ತು. ನನ್ನ ಮೇಲಿನ ಕರುಣೆ ಅದು. ಹೆಂಡತಿ ಬೇಡವೆಂದವನು, ಮಂದೆ ಗುರುತಿಸದವನು, ತನ್ನ ಬದುಕು ಹಾಳಾದದ್ದು ಒಬ್ಬ ಗೆಳೆಯನ ಪ್ರೀತಿಯಿಂದ ಎಂದು ನಂಬಿ ಆ ತಗಡಿನ ಕೋಣೆಯಲ್ಲಿ ದಿನ ದೂಡುತ್ತಿದ್ದ. ನಿಜ ಹೇಳಿದರೆ ಅವನಿಗೆ ಆ ಒಂದು ನಂಬಿಕೆಯೂ ಉಳಿಯುವುದಿಲ್ಲ ಎಂದು ನಾನು ಯೋಚಿಸಿದೆನಾ? ಇಲ್ಲ. ನಿಜ ಹೇಳಿದರೆ ನನ್ನನ್ನು ಒಳಗೆ ಬಿಡುವುದಿಲ್ಲ ಎಂದಷ್ಟೇ ಯೋಚಿಸಿದೆ.

ಹೌದು ಎಂದೆ.

ಅವನು ಮೂಗು ಒರೆಸಿಕೊಂಡು, ಸೊಂಟದಿಂದ ಬೀಗದಕೈ ತೆಗೆದು ಗೇಟು ತೆರೆದ.